ನಕಲು ಶಾಖೆ

ಮಧುಗಿರಿ ತಾಲ್ಲೂಕು ಕಚೇರಿಯ ಹಿಂದಿನ ಕೋಣೆ.
ಕಿಟಕಿ ತುಂಬ ಬೆಟ್ಟ. ಅದರ ಕೆಳಗೆ
ಜುಂಜಣ್ಣನ ಮೇಜು. ಈಗ ನನ್ನದು.

ಸೇರಿದ ದಿನವೇ ಹೇಳಿದ್ದರು:
ಅಸಲಿನ ಮೇಲೆ ಪೆನ್ನು ಇಳಿಯಬಾರದು, ತಪ್ಪಿದ್ದರೂ.
ಇಲಿ ತಿಂದಿದ್ದರೆ ತಿಂದಷ್ಟು ಜಾಗ ಬಿಟ್ಟು ಬರಿ.
ಮೂಲ ವಿಗ್ರಹ ಗುಡಿ ಬಿಟ್ಟು ಬರಲ್ಲಮ್ಮ,
ಬೀದಿ ಸುತ್ತೋದು, ಜನಕ್ಕೆ ಮುಖ ಕೊಡೋದು
ಉತ್ಸವಮೂರ್ತಿನೇ.

ಎರಡು ಶ್ರಾವಣದ ಹಿಂದೆ ಅವರ ಲಕಾರ ಕೆಟ್ಟಿತು.
ಸುತ್ತು ಮುಗಿಯುವ ಮೊದಲೇ ಪೆನ್ನು ಜಾರಿ
ಒಡೆದ ಬಳೆಚೂರಾಗಿ ಕೂತಿತು ಗೆರೆಯ ಮೇಲೆ.
ಆಮೇಲೆ ಅಂಗಿಯ ಗುಂಡಿ. ಆಮೇಲೆ ಬೀರುವಿನ ಚಿಲಕ.
ಹೆಬ್ಬೆರಳ ಬುಡದ ಮಾಂಸ ಬತ್ತಿ
ತೊಗಲಿನಡಿ ಏನೋ ಸದಾ ಮಿಡುಕುತ್ತಿತ್ತು,
ಬೇಸಿಗೆಯ ಕೆಸರಲ್ಲಿ ಉಳಿದುಹೋದ ಮೀನು.
‘ನೋವಿಲ್ಲ’ ಎನ್ನುತ್ತಿದ್ದರು, ‘ಅದೇ ಭಯ.’

ತುಮಕೂರಿನ ನರದ ಡಾಕ್ಟರು, ಸಣ್ಣ ವಯಸ್ಸಿನ ನಸ್ರೀನ್,
ಚೀಟಿಯ ಬೆನ್ನಿಗೆ ಬಿಡಿಸಿ ತೋರಿಸಿದರು:
ನರಕೋಶಕ್ಕೆ ಒಂದು ಬಾಗಿಲು.
ಅದನ್ನು ಕಟ್ಟುವ ಬಗೆ ವಂಶವಾಹಿಯಲ್ಲಿ ಬರೆದಿದೆ,
ಬರೆದದ್ದರಲ್ಲೇ ಒಂದಕ್ಷರ ತಪ್ಪು.
ಮನುಷ್ಯ ಹುಟ್ಟುವ ಮೊದಲಿನಿಂದ ತಪ್ಪು.
ಅಸಲನ್ನು ಯಾರೂ ಮುಟ್ಟಿಲ್ಲ.
ನಕಲು ಹೊರಡುವ ಹೊತ್ತಿಗೆ ಮಾತ್ರ
ಕಾದು ಕೂತ ಕಿಣ್ವವೊಂದು
ಆ ಒಂದು ಅಕಾರವನ್ನು ಇಕಾರ ಮಾಡುತ್ತದಂತೆ,
ಓದುವವರು ಗಕಾರ ಎಂದು ಓದಿಕೊಳ್ಳುತ್ತಾರಂತೆ,
ಅಷ್ಟಕ್ಕೇ ಬಾಗಿಲು ಬಿಗಿ,
ಸುಣ್ಣದಂಶ ಒಳನುಗ್ಗಿ ಕೋಶವನ್ನು ಸುಡುವುದಿಲ್ಲ.

‘ನಿಮ್ಮಂಥ ಕೆಲವರ ಬೆನ್ನುಹುರಿಯಲ್ಲಿ
ಆ ತಿದ್ದುವವನು ಸೋತದ್ದು ಕಂಡಿದೆ,
ಅವರು ಹೋದ ಮೇಲೆ, ತೆಗೆದು ನೋಡಿದಾಗ.
ಸೋತದ್ದಕ್ಕೆ ಕಾಯಿಲೆಯೋ, ಕಾಯಿಲೆಗೆ ಸೋತನೋ,
ಪೂರಾ ತಿಳಿದಿಲ್ಲ. ಮದ್ದೂ ಇಲ್ಲ, ಇನ್ನೂ.’

ಬಸ್ಸು ಕೊರಟಗೆರೆ ದಾಟುವವರೆಗೂ ಜುಂಜಣ್ಣ ನಕ್ಕರು.
ಆಮೇಲೆ ಕಿಟಕಿಯಾಚೆ ನೋಡುತ್ತಲೇ ಒಪ್ಪಿಸಿದರು:
ಗೌರಮ್ಮನ ಕೆರೆಯ ಕಡತ, ಹನ್ನೆರಡನೆಯ ಹಾಳೆ.
‘ಅರ್ಧ ಕೆರೆ ತುಂಬುವ ಮುನ್ನ ತೂಬು ತೆಗೆಯತಕ್ಕದ್ದು.’
ಬರೆದವನಿಗೆ ನಿದ್ದೆಯೋ, ಮನೆಯಲ್ಲಿ ಬಾಣಂತಿಯೋ,
ಕೊನೆಯ ‘ಅಲ್ಲ’ ಬಿಟ್ಟಿದ್ದಾನೆ.
ಸರಿಪಡಿಸಲು ಅರ್ಜಿ ಹಾಕಿದರೆ ಮೂರು ತಲೆ ಬೇಕು.
ಅದಕ್ಕೇ ಮೂವತ್ತೊಂದು ವರ್ಷ
ಕೇಳಿದವರ ನಕಲಿಗೆಲ್ಲ ಎರಡು ಲಕಾರ ಸೇರಿಸಿ
‘ಅಸಲಿನಂತೆ ನಕಲು’ ಎಂದು ಸಹಿ ಹಾಕಿದೆ.
ನೋಡು, ನನ್ನ ಬೆನ್ನೊಳಗೂ ಇದ್ದನಂತೆ ಒಬ್ಬ ಗುಮಾಸ್ತ.
ರಜಾ ಚೀಟಿ ಕೊಡದೆ ಹೋದ.

ನನ್ನ ಅವ್ವ ಅಕ್ಕಿಯ ಮೇಲೆ ಬೆರಳು ಹಿಡಿದು
ತಿದ್ದು, ತಿದ್ದು ಎನ್ನುತ್ತಿದ್ದಳು.
ತಿದ್ದುವುದೆಂದರೆ ಇದ್ದದ್ದರ ಮೇಲೇ ಬೆರಳಾಡಿಸುವುದು
ಎಂದುಕೊಂಡಿದ್ದೆ, ಬಹಳ ಕಾಲ.

ಈ ಸೋಮವಾರ ಅರ್ಜಿ ಬಂತು. ಅದೇ ಕೆರೆ, ಅದೇ ಹಾಳೆ.
ಕೋರ್ಟಿಗಂತೆ. ‘ಕೈಯಲ್ಲಿ ಯಾಕೆ ಮೇಡಂ,
ಸ್ಕ್ಯಾನ್ ಹೊಡೆದುಬಿಡಿ, ಮೆಷಿನ್ನು ತಪ್ಪು ಮಾಡಲ್ಲ.’
ನಿಜ. ಮೆಷಿನ್ನು ತಪ್ಪು ಮಾಡುವುದಿಲ್ಲ.
ಹಸಿರು ಬೆಳಕು ಒಂದು ಸಲ ಹಾಯ್ದು
ಇದ್ದದ್ದನ್ನು ಇದ್ದ ಹಾಗೇ ಹೊರಗಿಟ್ಟಿತು.
ನಾಳೆ ಬನ್ನಿ ಎಂದೆ.

ಸಂಜೆ ಅವರ ಮನೆ. ಮಾತು ಹೋಗಿ ಆರು ತಿಂಗಳು.
ಗಂಟಲೂ ಹಿಡಿತದಲ್ಲಿಲ್ಲ, ನೀರಿಗೆ ರಾಗಿ ಗಂಜಿ ಬೆರೆಸಿ
ಮಾಳಮ್ಮ ಚಮಚೆಯಲ್ಲಿ, ಎಣಿಸಿ ಎಣಿಸಿ, ಬಿಡುತ್ತಾಳೆ.
ಕಣ್ಣು ಮಾತ್ರ ಹಳೆಯ ಜುಂಜಣ್ಣ:
ರೆಪ್ಪೆ ಒಂದು ಸಲ ಮುಚ್ಚಿದರೆ ಹೌದು,
ಎರಡು ಸಲ ಮುಚ್ಚಿದರೆ ಅಲ್ಲ.

ಹಾಳೆಯನ್ನು ಕಣ್ಣೆದುರು ಹಿಡಿದೆ.
ಇದ್ದ ಹಾಗೇ ಕೊಟ್ಟುಬಿಡಲೇ ಎಂದೆ.

ರೆಪ್ಪೆ ಒಂದು ಸಲ ಮುಚ್ಚಿ ತೆರೆಯಿತು.

ಎರಡನೆಯದು ಬರುತ್ತದೋ ಇಲ್ಲವೋ ಎಂದು
ತುಂಬಿದ ಚಮಚೆ ಗಾಳಿಯಲ್ಲೇ ಹಿಡಿದು ಮಾಳಮ್ಮ,
ಹಾಳೆ ಹಿಡಿದು ನಾನು,
ನೋಡುತ್ತಾ ನಿಂತೆವು.